ಅಯೋಡಿನ್ ವಾರ್ಡಿನ ಎರಡನೆಯ ಊಟ

ಅಜ್ಮತ್ ಸಾಹೇಬರ ಕೈಗಡಿಯಾರ ಕೂಗಿದ ಆ ಮಧ್ಯಾಹ್ನವನ್ನು ಶ್ರೀರಾಮಪ್ಪನವರು ತಮ್ಮ ಬಾಳಿನ ಏಕೈಕ ದಿಗ್ವಿಜಯವೆಂದು ಭಾವಿಸಿದ್ದರು. ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಪುಲಿಕೇಶಿನಗರದ ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿದ್ದ ಅವರ ಆಸ್ಪತ್ರೆ ಆಗಷ್ಟೇ ಅಯೋಡಿನ್ ವಾರ್ಡನ್ನು ತೆರೆದಿತ್ತು. ಕತ್ತಿನ ಥೈರಾಯ್ಡ್ ಗ್ರಂಥಿಗೆ ಕ್ಯಾನ್ಸರ್ ತಗುಲಿದವರಿಗೆ ಅಲ್ಲಿ ವಿಕಿರಣ ಸೂಸುವ ಅಯೋಡಿನನ್ನು ಕುಡಿಸುತ್ತಿದ್ದರು. ಕುಡಿದವರ ಬೆವರು, ಉಗುಳು, ಮೂತ್ರಗಳಲ್ಲಿ ಕೆಲವು ದಿನ ಆ ವಿಕಿರಣ ಹೊರಬರುವುದರಿಂದ ಅವರನ್ನು ಒಂಟಿ ಕೋಣೆಯಲ್ಲಿರಿಸಿ, ಶೌಚದ ನೀರನ್ನು ನೆಲದಡಿಯ ತೊಟ್ಟಿಯೊಂದರಲ್ಲಿ ಶಕ್ತಿ ಕುಗ್ಗುವ ತನಕ ತಡೆದಿಡುತ್ತಿದ್ದರು. ಆ ತೊಟ್ಟಿಯ ಸುದ್ದಿ ಓಣಿಗೆ ತಿಳಿದದ್ದೇ ತಡ, ಬಾವಿಗಳಲ್ಲಿ ವಿಷ ಸೇರಿತು, ಕೂಸುಗಳು ಅಂಗ ಊನವಾಗಿ ಹುಟ್ಟುತ್ತವೆ ಎಂಬ ಗುಲ್ಲೆದ್ದಿತು. ವಿಕಿರಣ ಸುರಕ್ಷತೆಯ ಅಧಿಕಾರಿಯಾದ ಶ್ರೀರಾಮಪ್ಪನವರು ಮನೆಮನೆಗೆ ಅಲೆದರು. ಒಂದು ಮನೆಯ ಮಹಡಿಯಿಂದ ಅವರ ತಲೆಯ ಮೇಲೆ ಪಾತ್ರೆ ತೊಳೆದ ನೀರೂ ಬಿದ್ದಿತು. ವಾರ್ಡು ಮುಚ್ಚಿಯೇ ಹೋಗುತ್ತದೆನ್ನುವಾಗ, ಒಂದು ಶುಕ್ರವಾರ ನಮಾಜು ಮುಗಿದೊಡನೆ ಅವರು ಹಿಂಬಾಗಿಲನ್ನು ಪೂರ್ತಿ ತೆಗೆಸಿ ಇಡೀ ಓಣಿಯನ್ನೇ ಒಳಗೆ ಕರೆದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಾಡುತ್ತಿದ್ದವರು ಹಾಸಿಗೆ ಅಂಗಡಿಯ ಅಜ್ಮತ್ ಸಾಹೇಬರು. ವಿಕಿರಣ ಅಳೆಯುವ ಮೀಟರನ್ನು ಶ್ರೀರಾಮಪ್ಪನವರು ಅವರ ಕೈಯಲ್ಲೇ ಇಟ್ಟರು.

"ನನ್ನ ಮಾತು ನಂಬ್ಬೇಡಿ. ನೀವೇ ಹಿಡಿದು ನೋಡಿ."

ತೊಟ್ಟಿಯ ಮುಚ್ಚಳದ ಮೇಲೆ ಮೀಟರು ಬೀದಿಯಲ್ಲಿ ಮಿಡಿಯುವಷ್ಟೇ ಮೆಲ್ಲಗೆ, ಬಿಟ್ಟು ಬಿಟ್ಟು, ಟಿಕ್ಕೆಂದಿತು. ಸಾಹೇಬರಿಗೆ ಸಮಾಧಾನವಾಗಲಿಲ್ಲ. ಬಲಗೈ ಸೋತು ಎಡಗೈಗೆ ಬದಲಿಸಿಕೊಳ್ಳುವಾಗ ಮೀಟರಿನ ಕೊಳವೆ ಅವರ ಮಣಿಕಟ್ಟನ್ನು ಸವರಿತು. ಒಡನೆಯೇ ಅದು ಹುರಿಯುವ ಸಾಸಿವೆಯಂತೆ ಚಟಚಟಗುಟ್ಟತೊಡಗಿತು. ಗುಂಪು ದಡಬಡಿಸಿ ಹಿಂದೆ ಸರಿಯಿತು. ಸಾಹೇಬರ ತಂದೆ ಸೇನೆಯಲ್ಲಿದ್ದಾಗ ಕೊಂಡ ಗಡಿಯಾರವದು. ಕತ್ತಲಲ್ಲಿ ಹೊಳೆಯಲೆಂದು ಅದರ ಅಂಕೆಗಳಿಗೆ ವಿಕಿರಣ ಸೂಸುವ ರೇಡಿಯಂ ಬಳಿದಿದ್ದರು.

"ಅಜ್ಮತ್ ಭಾಯ್, ಜಹರ್ ತೋ ತುಮ್ಹಾರೆ ಘಡೀಮೇಚ್ ಹೈ!" ಎಂದು ಹಿಂದಿನಿಂದಾರೋ ಕೂಗಿದರು. ವಿಷ ಇರುವುದು ನಿನ್ನ ಗಡಿಯಾರದಲ್ಲೇ ಎಂಬ ಆ ಮಾತಿಗೆ ಮೊದಲು ನಕ್ಕವರು ಸಾಹೇಬರೇ. ವಾರ್ಡು ಉಳಿಯಿತು.

ಈ ಕಥೆಯನ್ನು ಶ್ರೀರಾಮಪ್ಪನವರು ಮುಂದಿನ ಹತ್ತು ವರ್ಷಗಳಲ್ಲಿ ಆಸ್ಪತ್ರೆಗೆ ಕಾಲಿಟ್ಟವರಿಗೆಲ್ಲ ಹೇಳಿದ್ದರು. ಅವರ ಕೈಕೆಳಗೆ ಹೊಸದಾಗಿ ಸೇರಿದ್ದ ಭೌತಶಾಸ್ತ್ರಜ್ಞೆ ಕಾವೇರಿ ಅದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಸಾಸಿವೆಯ ಘಟ್ಟ ಬಂದಾಗ ಅವಳ ತುಟಿಗಳೂ ತಾವಾಗಿ ಆಡುತ್ತಿದ್ದವು. ಅದನ್ನು ಕಂಡರೂ ಅವರು ಕಥೆಯನ್ನು ಮೊಟಕು ಮಾಡುವವರಲ್ಲ.

ಕಣ್ಣಿಗೆ ಕಾಣದ, ಮೂಗಿಗೆ ನಾರದ ವಸ್ತುವನ್ನು ಕಾಯುವವನಿಗೆ ಸಂಶಯವೇ ಉದ್ಯೋಗ. ತೊಳೆದೆನೆಂದ ಕೈಯನ್ನು ಅವರು ಮತ್ತೆ ತೊಳೆಸುತ್ತಿದ್ದರು. ಹಾಕಿದೆನೆಂದ ಬೀಗವನ್ನು ಮತ್ತೆ ಎಳೆದು ನೋಡುತ್ತಿದ್ದರು. ಇಷ್ಟರಿಂದ ವಾರ್ಡು ಸುರಕ್ಷಿತವಾಗಿತ್ತೆಂಬುದು ದಿಟ. ಆದರೆ ವರ್ಷಗಳು ಕಳೆದಂತೆ ವಸ್ತುವಿನ ಮೇಲಿದ್ದ ಸಂಶಯ ಮನುಷ್ಯರ ಮೇಲೂ ಹರಿದು, ಅಲ್ಲಿಯೇ ನೆಲೆಯೂರಿತ್ತು. ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಆಯಾಗಳು ಮಾತು ನಿಲ್ಲಿಸುತ್ತಿದ್ದರು; ಮಾತು ನಿಂತದ್ದನ್ನು ಕಂಡು ಅವರ ಸಂಶಯ ಇಮ್ಮಡಿಸುತ್ತಿತ್ತು.

ಎರಡು ಸಾವಿರದ ಮೂರರ ಚಳಿಗಾಲದ ಒಂದು ಬೆಳಿಗ್ಗೆ ಕಾವೇರಿ ಏದುಸಿರು ಬಿಡುತ್ತಾ ಅವರ ಕೋಣೆಗೆ ಬಂದಳು.

"ಸರ್, ವಾರ್ಡಿನ ಹೊರಗಡೆ ಬೆಂಚ್ ಕೂಗ್ತಾ ಇದೆ."

"ಯಾವ ಬೆಂಚು?"

"ರೋಗಿ ಕಡೆಯೋರು ಕೂತ್ಕೋತಾರಲ್ಲ, ಅದು. ಮೂರು ಸಲ ನೋಡ್ದೆ."

ಶ್ರೀರಾಮಪ್ಪನವರು ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟರು. ಅಯೋಡಿನ್ ವಾರ್ಡಿನ ಸೀಸದ ಬಾಗಿಲು ದಾಟಿ ಒಂದು ಹನಿಯೂ ಹೊರಬರಕೂಡದು. ರೋಗಿ ಉಂಡ ಕಾಗದದ ತಟ್ಟೆಯಿಂದ ಹಿಡಿದು ಕೈಯೊರೆಸಿದ ಚಿಂದಿಯ ತನಕ ಎಲ್ಲವನ್ನೂ ಚೀಲದಲ್ಲಿ ಕಟ್ಟಿ, ಬೀಗವಿರುವ ಡ್ರಮ್ಮಿಗೆ ಹಾಕಬೇಕು. ಬೆಂಚು ಕೂಗುತ್ತದೆಂದರೆ, ಒಳಗಿನದೇನನ್ನೋ ಯಾರೋ ಹೊರಗೆ ತಂದಿದ್ದಾರೆ. ಅವರು ಹೋಗಿ ತಾವೂ ಹಿಡಿದು ನೋಡಿದರು. ಹಲಗೆಯ ಒಂದು ತುದಿಯಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ ಮೀಟರು ಬಿಡದೆ ಚಟಗುಟ್ಟಿತು. ಬೆಂಚಿಗೆ ಹಳದಿ ಪಟ್ಟಿ ಸುತ್ತಿಸಿ ಮೂಲೆಗೆ ಸರಿಸಿದರು.

ಆ ವಾರ ವಾರ್ಡಿನಲ್ಲಿದ್ದ ರೋಗಿ ಒಬ್ಬನೇ. ಸುರಪುರದ ಕಡೆಯಿಂದ ಬಂದು, ಕೆ.ಆರ್. ಪುರದಲ್ಲಿ ಬಾಡಿಗೆಯ ಕೋಣೆ ಹಿಡಿದು ಗಾರೆ ಕೆಲಸ ಮಾಡುತ್ತಿದ್ದ ಅಪ್ಪಣ್ಣ. ಅವನ ವಯಸ್ಸಾದ ಹೆಂಡತಿ ಕಾಶಮ್ಮ ಹಗಲೆಲ್ಲ ವಾರ್ಡಿನ ಹೊರಗಿನ ಕಾರಿಡಾರಿನಲ್ಲಿ ಕುಳಿತಿರುತ್ತಿದ್ದಳು. ಒಳಗೆ ಹೋಗಿಬರುವ ಅಪ್ಪಣೆ ಇದ್ದದ್ದು ವಾರ್ಡಿನ ಸಹಾಯಕ ಸಾಯಬಣ್ಣನಿಗೆ ಮಾತ್ರ. ಊಟವನ್ನು ಒಳಗಿಡುವವನು, ಎಂಜಲನ್ನು ಹೊರತೆಗೆಯುವವನು ಅವನೇ. ಅವನೂ ಅದೇ ಸೀಮೆಯವನು, ಹೆಂಡತಿ ಗಂಗಾಳೊಡನೆ ಹೊರಮಾವಿನಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದ, ಕೆಲಸ ಗುತ್ತಿಗೆಯದು.

ವೈದ್ಯಾಧಿಕಾರಿ ಡಾಕ್ಟರ್ ಕೇದಾರ್ ಸುದ್ದಿ ಕೇಳಿ ಹಣೆ ಒತ್ತಿಕೊಂಡರು.

"ಮುಂದಿನ ವಾರ ಇನ್‌ಸ್ಪೆಕ್ಷನ್ ಇದೆ ಶ್ರೀರಾಮಪ್ಪನೋರೇ. ಯಾರಿಂದ ಆಯ್ತು ಅಂತ ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ವಾರ್ಡ್ ಕ್ಲೋಸ್ ಮಾಡಿಸ್ತಾರೆ. ನನಗೊಂದು ಹೆಸರು ಕೊಡಿ."

"ಹೆಸರು ಸಿಕ್ಕಿದ್ರೆ?"

"ಕಾಂಟ್ರ್ಯಾಕ್ಟ್ ಹುಡುಗನೇ ತಾನೇ ಒಳಗೆ ಹೋಗೋನು? ಅವತ್ತೇ ಮನೆಗೆ. ಆಕ್ಷನ್ ತಗೊಂಡಿದೀವಿ ಅಂತ ತೋರಿಸ್ಬಹುದು."

ಆ ಮಾತು ಶ್ರೀರಾಮಪ್ಪನವರಿಗೆ ಕ್ರೂರವೆಂದೇನೂ ತೋರಲಿಲ್ಲ. ಅವರ ಮನಸ್ಸು ಆಗಲೇ ಆ ಹೆಸರಿನ ಸುತ್ತ ಸುಳಿಯುತ್ತಿತ್ತು. ಇಳಿದು ಬರುವಾಗ ಅಡುಗೆಮನೆಯ ಮೇಲ್ವಿಚಾರಕಿ ಶಮೀಮ್ ಅವರನ್ನು ತಡೆದು ನಿಲ್ಲಿಸಿದಳು.

"ಸಾಬ್, ನಿಮ್ದು ವಾರ್ಡಲ್ಲಿ ಪೇಶೆಂಟ್ ಒಬ್ರೇ ತಾನೇ? ನಿನ್ನೆಯಿಂದ ಊಟ ಯಾಕೆ ಎರಡು ಹೋಗ್ತದೆ? ಒಳಗೆ ಜಿನ್, ಭೂತ ಏನಾದ್ರೂ ಸಾಕಿದ್ದೀರಾ?"

"ಎರಡು ಯಾರು ತಗೊಂಡು ಹೋಗ್ತಾರೆ?"

"ಇನ್ಯಾರು, ನಿಮ್ಮ ಸಾಯಬಣ್ಣ. ಕೇಳಿದ್ರೆ ಪೇಶೆಂಟ್‌ಗೆ ಹಸಿವು ಜಾಸ್ತಿ ಅಂತಾನೆ. ಆ ಔಷಧಿ ಕುಡಿದೋರಿಗೆ ಬಾಯಿ ಸಪ್ಪೆ ಆಗ್ತದೆ ಅಂತ ನೀವೇ ಹೇಳಿದ್ರಲ್ಲ ಸಾಬ್?"

ಎಳೆಗಳು ಒಂದಕ್ಕೊಂದು ಹೆಣೆದುಕೊಂಡವು. ವಾರ್ಡಿನ ಬಾಗಿಲಲ್ಲಿ ಕುಳಿತು ತಿನ್ನುವುದು ಘೋರ ಅಪರಾಧ. ಕೈಯ ಧೂಳಿನೊಡನೆ ಅಯೋಡಿನ್ ಹೊಟ್ಟೆ ಸೇರುತ್ತದೆ. ಇವನು ತಿನ್ನುತ್ತಿದ್ದಾನೆ, ಬೆಂಚಿಗೆ ಕೈಯೊರೆಸಿದ್ದಾನೆ. ಶ್ರೀರಾಮಪ್ಪನವರು ಮೀಟರಿನ ಪಟ್ಟಿಯನ್ನು ಹೆಗಲಿಗೇರಿಸಿ ನೇರವಾಗಿ ಅವನೆದುರು ನಿಂತರು.

"ಏನಯ್ಯಾ, ಮಧ್ಯಾಹ್ನ ಊಟ ಎಲ್ಲಿ ಮಾಡ್ತೀಯ?"

"ಮನಿಯಿಂದ ಡಬ್ಬಿ ತರ್ತೀನ್ರಿ ಸಾಹೇಬ್ರ. ಕೆಳಗ ಗಿಡದ ಬುಡಕ ಕುಂತು ಉಣ್ತೀನಿ."

"ಅಡುಗೆಮನೆಯಿಂದ ಎರಡನೇ ಊಟ ಯಾರಿಗೆ?"

ಸಾಯಬಣ್ಣ ನೆಲ ನೋಡಿದ. ಹೆಗಲ ಮೇಲಿನ ಟವಲನ್ನು ಒಮ್ಮೆ ಸರಿಪಡಿಸಿಕೊಂಡ. ಅಷ್ಟೇ ಸಾಕಾಯಿತು.

"ಆ ಟವಲ್ ಕೊಡು ಇಲ್ಲಿ."

ಟವಲಿನ ಅಂಚಿಗೆ ಕೊಳವೆ ಹಿಡಿದೊಡನೆ ಮೀಟರು ಚಟಚಟನೆ ಸಿಡಿಯಿತು. ಕಾರಿಡಾರಿನ ತುದಿಯಲ್ಲಿದ್ದ ಆಯಾಗಳಿಬ್ಬರು ತಿರುಗಿ ನೋಡಿದರು.

"ಇದಕ್ಕೆ ಏನು ಹೇಳ್ತೀಯ?"

"ಎಲ್ಲಿಯಾರ ತಾಕಿರಬೇಕ್ರಿ."

"ತಾನಾಗೇ ಬಂದು ತಾಕ್ತೇನು?"

ಕಾವೇರಿ ಮೆಲ್ಲನೆ ಮಧ್ಯೆ ಬಂದಳು. "ಸರ್, ಇವನು ತಿಂದಿದ್ರೆ ಕತ್ತಿನಲ್ಲಿ ಗೊತ್ತಾಗ್ಬೇಕಲ್ಲ? ನೋಡೇ ಬಿಡೋಣ."

ಅಯೋಡಿನ್ ದೇಹಕ್ಕೆ ಯಾವ ದಾರಿಯಿಂದ ಹೊಕ್ಕರೂ ಕೊನೆಗೆ ಕತ್ತಿನ ಗ್ರಂಥಿಗೇ ಬಂದು ಮನೆ ಮಾಡುತ್ತದೆ. ಅವಳು ಸಾಯಬಣ್ಣನ ಕತ್ತಿನ ಮುಂದೆ ಕೊಳವೆ ಹಿಡಿದಳು. ಟಿಕ್. ಬಹಳ ಹೊತ್ತಾದ ಮೇಲೆ ಇನ್ನೊಂದು ಟಿಕ್. ಮೀಟರಿನ ಮಟ್ಟಿಗೆ ಅವನು ನಿರಪರಾಧಿ. ಆದರೆ ಒಮ್ಮೆ ಬೇರುಬಿಟ್ಟ ಸಂಶಯಕ್ಕೆ ಅದೂ ಗೊಬ್ಬರವೇ ಆಯಿತು. ತಾನು ತಿನ್ನುವುದಿಲ್ಲವೆಂದ ಮೇಲೆ ಯಾರಿಗೆ ಸಾಗಿಸುತ್ತಾನೆ? ಟವಲಿನ ವಿಷಯ ಯಾಕೆ ಮುಚ್ಚಿಡುತ್ತಾನೆ? ಟವಲನ್ನು ಚೀಲದಲ್ಲಿ ಕಟ್ಟಿ ಡ್ರಮ್ಮಿಗೆ ಹಾಕಿಸಿದ ಶ್ರೀರಾಮಪ್ಪನವರು, "ನಾಳೆ ಮಧ್ಯಾಹ್ನ ಇವನನ್ನ ಕೈಯಾರೆ ಹಿಡೀತೀನಿ" ಎಂದರು.

"ಹಿಡಿಯೋದಕ್ಕಿಂತ ಕೇಳಿದ್ರೆ ಆಗಲ್ವಾ ಸರ್?" ಎಂದಳು ಕಾವೇರಿ.

"ಕೇಳಿದೆನಲ್ಲ, ಹೇಳಿದನಾ?"

ಮರುದಿನ ಊಟದ ವೇಳೆಗೆ ಅವರು ಬಟ್ಟೆ ಜೋಡಿಸಿಡುವ ಕೋಣೆಯ ಅರೆತೆರೆದ ಕದದ ಹಿಂದೆ ನಿಂತರು. ಅಷ್ಟು ವಯಸ್ಸಿನ, ಅಷ್ಟು ಮರ್ಯಾದೆಯ ಮನುಷ್ಯ ಒಗೆದ ಚಾದರಗಳ ನಡುವೆ ಉಸಿರು ಬಿಗಿಹಿಡಿದು ನಿಲ್ಲುವುದೆಂದರೆ! ಹಿಂದೆ ನಿಂತಿದ್ದ ಕಾವೇರಿಗೆ ನಗು ತಡೆಯುವುದೇ ಕಷ್ಟವಾಗಿತ್ತು. ಸಾಯಬಣ್ಣ ಊಟದ ಗಾಡಿ ತಳ್ಳಿಕೊಂಡು ಬಂದ. ಬಾಗಿಲು ದಾಟಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅದೇ ಬಾಗಿಲಿನಿಂದ ಹೊರಬಂದಾಗ ಅವನ ಒಂದು ಕೈಯಲ್ಲಿ ಕಟ್ಟಿದ ಚೀಲ, ಇನ್ನೊಂದರಲ್ಲಿ ಕಾಗದದ ತಟ್ಟೆ. ತಟ್ಟೆಯಲ್ಲಿ ಯಾರೋ ಉಂಡು ಬಿಟ್ಟ ಊಟ: ಕಲಸಿದ ಅನ್ನ, ಮುರಿದ ಚಪಾತಿ, ಕೆದಕಿದ ಪಲ್ಯ, ಹಾಗೇ ಉಳಿದ ಉಪ್ಪಿನಕಾಯಿ. ಚೀಲವನ್ನು ಡ್ರಮ್ಮಿಗೆ ಹಾಕಿ ಬೀಗ ತಿರುವಿದ. ತಟ್ಟೆಯನ್ನು ಮಾತ್ರ ಅತ್ತಿತ್ತ ನೋಡುತ್ತಾ ಕಾಶಮ್ಮನ ಮಡಿಲಿಗಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತುತ್ತು ಮಾಡಿದಳು.

"ನಿಲ್ಲಿ! ಬಾಯಿಗೆ ಹಾಕ್ಬೇಡಿ!"

ಶ್ರೀರಾಮಪ್ಪನವರ ಕೂಗಿಗೆ ಇಡೀ ಕಾರಿಡಾರೇ ಬೆಚ್ಚಿತು. ಕಾಶಮ್ಮನ ಕೈ ಅರ್ಧದಲ್ಲಿ ನಿಂತಿತು. ಸಾಯಬಣ್ಣನ ಮುಖ ಸುಣ್ಣವಾಯಿತು. ವಿಕಿರಣದ ಎಂಜಲನ್ನು ರೋಗಿಯ ಹೆಂಡತಿಗೇ ಉಣಿಸುವ ಪಾಪಿ! ಹೆಸರಷ್ಟೇ ಅಲ್ಲ, ಸಾಕ್ಷಿಯೂ ಸಿಕ್ಕಿತು. ಅವರು ಕೊಳವೆಯನ್ನು ತಟ್ಟೆಯ ಮೇಲೆ ಹಿಡಿದರು.

ಟಿಕ್.

ಮತ್ತೆ ಮೌನ. ಅನ್ನಕ್ಕೆ ತಾಕುವಷ್ಟು ಹತ್ತಿರ ಒಯ್ದರು. ಮೀಟರನ್ನು ತಟ್ಟಿದರು, ಬ್ಯಾಟರಿಯ ಮುಳ್ಳು ನೋಡಿದರು. ಎಲ್ಲ ಸರಿಯಿತ್ತು. ಆ ಎಂಜಲು ಅಡುಗೆಮನೆಯ ಅನ್ನದಷ್ಟೇ ನಿರ್ಮಲವಾಗಿತ್ತು. ಗೊಂದಲದಿಂದ ಅವರು ಕೈ ಹಿಂದೆಗೆಯುವಾಗ ಕೊಳವೆ ಕಾಶಮ್ಮನ ಕತ್ತಿನ ಎದುರು ಹಾದುಹೋಯಿತು. ಬಾಣಲೆಗೆ ಬಿದ್ದ ಸಾಸಿವೆಯಂತೆ ಮೀಟರು ಸಿಡಿಯಿತು.

"ಏನ್ರಿ ಅದು, ಹಲ್ಲಿ ಲೊಚಗುಟ್ಟಿದಾಂಗ?" ಎಂದಳು ಕಾಶಮ್ಮ.

ಸಾಯಬಣ್ಣ ಕೈಮುಗಿದ. "ಸಾಹೇಬ್ರ, ಆಕಿ ಮುಂದ ಬ್ಯಾಡ್ರಿ. ಈ ಕಡಿ ಬರ್ರಿ, ಎಲ್ಲಾ ಹೇಳ್ತೀನಿ."

ಮೆಟ್ಟಿಲ ಬಳಿ, ಕಾವೇರಿಯ ಎದುರಿನಲ್ಲಿ ಅವನು ಹೇಳಿದ. "ಅಪ್ಪಣ್ಣಗ ಔಷಧ ಕೊಟ್ಟ ದಿವಸ, ಅವ ಉಂಡಿದ್ದ ತಾಟು ಚೀಲದಾಗ ಹಾಕಿ ಹೊರಗ ಇಟ್ಟೆ. ಡ್ರಮ್ಮಿನ ಕೀಲಿ ಮರ್ತಿದ್ದೆ, ತರ್ಲಾಕ ಹೋದೆ. ಬರೂದ್ರಾಗ ಮುದುಕಿ ಚೀಲ ಬಿಚ್ಚಿ ಬೆಂಚಿನ ಮ್ಯಾಲ ಕುಂತು ಉಣ್ಲಿಕತ್ತಿದ್ಳು. ಕಸಗೊಂಡು ಡ್ರಮ್ಮಿಗಿ ಹಾಕಿ, ಟವಲಿಲೆ ಬೆಂಚ್ ಒರಸಿದೆ. ಲಗ್ನ ಆದಾಗಿಂದ ಗಂಡ ಉಂಡ ತಾಟಿನ್ಯಾಗೇ ಉಂಡಾಳಂತ್ರಿ. ಈಗ ಬಿಟ್ರ ಗಂಡನ ಆಯುಷ್ಯಕ್ಕ ಕೇಡಂತ. ಮರುದಿವಸ ಹನಿ ನೀರೂ ಮುಟ್ಟಲಿಲ್ಲ, ತಲಿ ತಿರುಗಿ ಬಿದ್ಳು. ನಮ್ಮವ್ವನೂ ಹಾಂಗೇ ಇದ್ಳ್ರಿ, ನನಗ ಗೊತ್ತದ, ಇವರು ಸತ್ರೂ ಬಿಡಂಗಿಲ್ಲ. ಅದಕ್ಕ ಇನ್ನೊಂದು ಊಟ ಇಸಕೊಂಡು ಬಂದು, ಬಾಗಿಲ ಒಳಗ ಮರೀಗಿ ನಿಂತು, ಕೈ ತೊಳಕೊಂಡು, ನಾನೇ ಕಲಸಿ, ಎಂಜಲ ಮಾಡಿದಾಂಗ ಮಾಡಿ ಕೊಡ್ತೀನಿ. ಖರೇ ತಾಟು ಡ್ರಮ್ಮಿಗೇ ಹೋಗ್ತದ್ರಿ."

"ಮೊದಲ ದಿನವೇ ನನಗ್ಯಾಕೆ ಹೇಳಲಿಲ್ಲ? ಆಗಲೇ ಹೇಳಿದ್ದರೆ ಅದು ಕತ್ತು ಸೇರದ ಹಾಗೆ ಆಕೆಗೆ ಮದ್ದು ಕೊಡಬಹುದಾಗಿತ್ತಲ್ಲ!"

"ಅಂಜಿಕಿ ಸಾಹೇಬ್ರ. ಕೀಲಿ ಮರ್ತದ್ದು ನನ್ನ ತಪ್ಪು. ನೀವು ಖಾಲಿ ಕೈ ನೋಡಿದ್ರೂ ಕಳ್ಳನ್ನ ನೋಡಿದಾಂಗ ನೋಡ್ತೀರಿ. ಹೇಳಿದ್ರ ಕೆಲಸ ಹೋಗ್ತದಂತ ಗೊತ್ತಿತ್ತು."

ಶ್ರೀರಾಮಪ್ಪನವರು ಬೈಯುವುದನ್ನು ಬಿಟ್ಟು ಕಾಶಮ್ಮನ ಕಡೆಗೆ ಹೆಜ್ಜೆ ಹಾಕಿದರು.

ಮುದುಕಿಗೆ ನಿಜ ಹೇಳದೆ ಗತಿಯಿರಲಿಲ್ಲ. ಅವಳನ್ನು ಡಾಕ್ಟರಿಗೆ ತೋರಿಸಬೇಕು. ಗಂಡ ಮನೆಗೆ ಬಂದ ಮೇಲೂ ಕೆಲವು ವಾರ ಅವನ ಎಂಜಲನ್ನು ಮುಟ್ಟಕೂಡದು. ಹೇಳಿದ್ದಕ್ಕೆ ಅವಳು ಕೆಂಡವಾದಳು.

"ಅವರ ಎಂಜಲದಾಗ ವಿಷ ಅದ ಅಂದ್ರ ನಾಲಿಗಿ ಬಿದ್ದೀತು ನಿಮ್ಮದು! ಆ ಡಬ್ಬಿ ನಿಮ್ಮ ಕೈಯಾಗದ. ಬೇಕಾದಾಗ ಏನೋ ಒತ್ತಿ ಲೊಚಗುಟ್ಟಿಸ್ತೀರಿ. ನಾ ಏನ್ ಸಣ್ಣ ಕೂಸಾ?"

ಹತ್ತು ವರ್ಷಗಳಿಂದ ಎಲ್ಲರನ್ನೂ ಶಂಕಿಸುತ್ತ ಬಂದ ಮನುಷ್ಯನನ್ನು ಮುದುಕಿಯೊಬ್ಬಳು ಹುಬ್ಬುಗಂಟಿಕ್ಕಿ ಮೇಲಿಂದ ಕೆಳಗಿನವರೆಗೆ ಅಳೆಯುತ್ತಿದ್ದಳು. ಶ್ರೀರಾಮಪ್ಪನವರು ಹೆಗಲಿನಿಂದ ಮೀಟರನ್ನು ಇಳಿಸಿ ಅವಳ ಕೈಗಿತ್ತರು.

"ನನ್ನ ಮಾತು ನಂಬ್ಬೇಡಿ ತಾಯಿ. ನೀವೇ ಹಿಡಿದು ನೋಡಿ."

"ಮೊದಲ ನಿಮ್ಮ ಕುತಗಿ ಬಗ್ಗಿಸ್ರಿ."

ಅವರು ಬಗ್ಗಿದರು. ಟಿಕ್. ಕಾವೇರಿಯ ಕತ್ತು, ಸಾಯಬಣ್ಣನ ಕತ್ತು, ಗೋಡೆ, ಕುರ್ಚಿ, ಎಲ್ಲಕ್ಕೂ ಹಿಡಿದು ನೋಡಿದಳು. ಕೊನೆಗೆ ತನ್ನ ಕತ್ತಿಗೆ ಹಿಡಿದಳು. ಮೀಟರು ಸಿಡಿಯಿತು. ದೂರ ಒಯ್ದಳು, ತಣ್ಣಗಾಯಿತು. ಮತ್ತೆ ತಂದಳು, ಮತ್ತೆ ಸಿಡಿಯಿತು. ಬಳಿಕ ಯಾರೂ ಹೇಳದೆಯೇ ಕೊಳವೆಯನ್ನು ಮಡಿಲಿನ ತಟ್ಟೆಯ ಮೇಲೆ ತಂದು, ಅದರ ಮೌನವನ್ನು ಕಿವಿಗೊಟ್ಟು ಕೇಳಿದಳು.

"ಹಾಂಗಾರ ಇದು ಅವರ ತಾಟಲ್ಲ," ಎಂದು ಸಾಯಬಣ್ಣನತ್ತ ತಿರುಗಿದಳು. "ನಿನ್ನೇನೇ ಅನಮಾನ ಬಂದಿತ್ತಲೇ ನನಗ. ಉಪ್ಪಿನಕಾಯಿ ಬಿಟ್ಟು ಏಳೂ ಮನಷ್ಯಾರೇನು ಅವರು?"

"ಮತ್ತ ಯಾಕ ಉಂಡಿ ಎವ್ವಾ?"

"ನೀ ಅತ್ತಿತ್ತ ನೋಡಿಕೋತ ಕಳ್ಳನಾಂಗ ತಂದು ಕೊಡೂದು ನೋಡಿ ಹೊಟ್ಟಿ ಚುರ್ ಅಂತು. ಉಣ್ಣದಿದ್ರ ನೀ ಅಳ್ತಿದ್ದಿ." ಅವಳು ಮೀಟರನ್ನು ಶ್ರೀರಾಮಪ್ಪನವರಿಗೆ ಹಿಂದಿರುಗಿಸಿದಳು. "ಎಷ್ಟು ದಿವಸ ಬ್ಯಾರೆ ತಾಟು ಅಂತ ಹೇಳ್ರಿ. ಅವರಿಗಿ ಕೇಡಾಗಂಗಿಲ್ಲ ಅಂತನೂ ನೀವೇ ಬಾಗಿಲ ಮುಂದ ನಿಂತು ಅವರಿಗಿ ಹೇಳ್ರಿ."

ಅವರು ಸೀಸದ ಬಾಗಿಲ ಬಳಿ ನಿಂತು ಹೇಳಿದರು. ಒಳಗಿನಿಂದ ಅಪ್ಪಣ್ಣನ ಒರಟು ದನಿ ಬಂದಿತು: "ಹುಚ್ಚಿ ಅದಾಳ್ರಿ ಆಕಿ. ಉಣ್ಣು ಅಂತ ಹೇಳ್ರಿ, ಬ್ಯಾರೆ ತಾಟಿನ್ಯಾಗೇ ಉಣ್ಣು ಅಂತ."

ಕಾವೇರಿ ಕಾಶಮ್ಮನ ಕತ್ತನ್ನು ದೊಡ್ಡ ಯಂತ್ರದಲ್ಲಿ ಅಳೆದಳು. ಹೊಕ್ಕದ್ದು ಅಲ್ಪ, ಆಗಾಗ ಬಂದು ತೋರಿಸಿಕೊಂಡರೆ ಸಾಕೆಂದರು ಡಾಕ್ಟರು. ಉಳಿದದ್ದು ಕೇದಾರರ ಕೋಣೆ.

"ಹೆಸರು ಸಿಕ್ತಂತೆ?" ಎಂದರು ಅವರು ಪೆನ್ನು ತೆಗೆಯುತ್ತಾ.

"ಸಿಕ್ಕಿತು. ಸಾಯಬಣ್ಣ ಕೀಲಿ ಮರೆತ, ಆಮೇಲೆ ಮುಚ್ಚಿಟ್ಟ. ಅದನ್ನ ಹಾಗೇ ಬರೀತೀನಿ. ಆದರೆ ಅವನನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ."

"ಯಾಕೆ?"

"ತೆಗೆದ್ರೆ ಮುಂದೆ ಬರೋನು ಇವನಿಗಿಂತ ಚೆನ್ನಾಗಿ ಮುಚ್ಚಿಡ್ತಾನೆ. ಒಳಗೆ ಬರಬೇಡಿ, ಮುಟ್ಟಬೇಡಿ ಅಂತ ರೋಗಿ ಕಡೆಯೋರಿಗೆ ನೂರು ಹೇಳ್ತೀವಿ. ಮನೇಲಿ ಹೇಗೆ ಉಣ್ತೀರಿ ಅಂತ ನಾವು ಯಾರನ್ನಾದ್ರೂ ಕೇಳಿದೀವಾ? ಇನ್ಮೇಲೆ ಕೇಳೋ ಕೆಲಸ ಅವನಿಗೇ ಕೊಡ್ತೀನಿ. ಅವನಿಗಾದ್ರೆ ಹೇಳ್ತಾರೆ. ನನಗೆ ಯಾರೂ ಏನೂ ಹೇಳಲ್ಲ."

ಕೊನೆಯ ವಾಕ್ಯ ಅವರೆಣಿಸಿದ್ದಕ್ಕಿಂತ ಮೆಲ್ಲಗೆ ಹೊರಬಂತು. ಕೇದಾರ್ ಪೆನ್ನನ್ನು ಬೆರಳುಗಳ ನಡುವೆ ಉರುಳಿಸಿದರು. "ಇನ್‌ಸ್ಪೆಕ್ಷನ್‌ನೋರು ಒಪ್ಪದೇ ಇದ್ರೆ?"

"ಅವರ ಕೈಗೂ ಮೀಟರ್ ಕೊಡೋಣ."

"ಅಯ್ಯೋ, ಆ ವಾಚ್ ಕಥೆ ಶುರು ಮಾಡ್ಬೇಡಿ ಮಾರಾಯರೇ! ಸರಿ. ಒಂದು ವಾರ್ನಿಂಗ್ ಲೆಟರ್ ಕೊಡಿ. ಇನ್ನೊಂದ್ಸಲ ಆದ್ರೆ ನಾನು ಯಾರ ಮಾತೂ ಕೇಳಲ್ಲ."

ಹೊರಗೆ ಸಾಯಬಣ್ಣ ಗೋಡೆಗೊರಗಿ ನಿಂತಿದ್ದ. ಹೆಗಲು ಬರಿದಾಗಿತ್ತು, ಕೈಯೆಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದ. ಕೆಲಸ ಉಳಿಯಿತೆಂದು ಕೇಳಿ ಅವನು ಕಟ್ಟಿದ್ದ ಕೈ ಬಿಚ್ಚಿ ಒಮ್ಮೆ ಮುಗಿದ. ಶ್ರೀರಾಮಪ್ಪನವರು ಅಭ್ಯಾಸಬಲದಿಂದ, "ಡ್ರಮ್ಮಿಗೆ ಬೀಗ ಹಾಕಿದ್ದೀಯಾ?" ಎಂದರು. "ಹಾಕೀನ್ರಿ" ಎಂದ. ಬೀಗವನ್ನು ಎಳೆದು ನೋಡಲೆಂದು ಎತ್ತಿದ್ದ ಹೆಜ್ಜೆಯನ್ನು ಅವರು ಅಲ್ಲಿಯೇ ತಡೆದು, ಹತ್ತಿರದ ಕುರ್ಚಿಯ ಮೇಲೆ ಕುಳಿತರು.

ಕಾವೇರಿ ಮೂವರಿಗೂ ಚಹಾ ತರಿಸಿದಳು.

"ಸರ್, ಅಜ್ಮತ್ ಸಾಹೇಬ್ರ ಕಥೆ ಹೇಳಿ."

ಶ್ರೀರಾಮಪ್ಪನವರು ಲೋಟದ ಮೇಲಿನಿಂದ ಅವಳನ್ನು ಅನುಮಾನದಿಂದ ನೋಡಿದರು. "ಯಾಕಮ್ಮಾ, ತಮಾಷೆ ಮಾಡ್ತಿದ್ದೀಯಾ? ನಿನಗೆ ಬಾಯಿಪಾಠ ಇದೆಯಲ್ಲ."

"ಇಲ್ಲ ಸರ್. ಇಷ್ಟು ದಿನ ವಾಚ್ ಕೂಗಿದ್ದನ್ನೇ ಕೇಳ್ತಿದ್ದೆ. ಮೀಟರನ್ನ ಅವರ ಕೈಗೆ ಕೊಟ್ರಲ್ಲ, ಆ ಭಾಗ ಸರಿಯಾಗಿ ಕೇಳಿಸ್ಕೊಂಡೇ ಇಲ್ಲ. ಸಾಯಬಣ್ಣನೂ ಇದ್ದಾನೆ. ಇನ್ನೊಂದ್ಸಲ, ಮೊದಲಿಂದ ಹೇಳಿ."